ಎರಡೂ ಕಡೆ ಐವತ್ತೈದು

ನವೆಂಬರ್ 10, ಸೋಮವಾರ, ಸಂಜೆ 6

ಏಳನೇ ತರಗತಿಯ ಟೆಸ್ಟ್ ಪೇಪರ್ ತಿದ್ದುತ್ತಿದ್ದೇನೆ. ತಲೆ ಕೆಟ್ಟಿದೆ. 'ಒಂದು ಜೊತೆ ಸಮಾಂತರ ರೇಖೆ ಎಳೆಯಿರಿ' ಎಂದರೆ ಅರ್ಧ ಕ್ಲಾಸು ಸೊಟ್ಟ ಗೆರೆಗಳನ್ನು ಎಳೆದು, ಒಂದಕ್ಕೊಂದು ತಾಗುವ ಮೊದಲೇ ಪೆನ್ಸಿಲ್ ಎತ್ತಿಬಿಟ್ಟಿದೆ. 'ಎಂದೂ ಸೇರದ ರೇಖೆಗಳು' ಎಂದು ಬಾಯಿಪಾಠ ಮಾಡಿಸಿದವಳು ನಾನೇ. ಈಗ ತಪ್ಪು ಹಾಕಲೋ, ಸರಿ ಹಾಕಲೋ?

ಇವರು ಪ್ರೆಸ್ಸಿಗೆ ಹೋಗಿಯಾಗಿದೆ. ಎರಡು ತಿಂಗಳಿಂದ ರಾತ್ರಿ ಪಾಳಿ. ನಾನು ಬರುವಷ್ಟರಲ್ಲಿ ಅವರಿಲ್ಲ, ಅವರು ಬರುವಷ್ಟರಲ್ಲಿ ನಾನಿಲ್ಲ. ಭಾನುವಾರ ಅವರದು ನಿದ್ದೆ, ನನ್ನದು ಬಟ್ಟೆ. ಫ್ರಿಜ್ಜಿನ ಬಾಗಿಲೇ ನಮ್ಮ ಪೋಸ್ಟಾಫೀಸು. ಇವತ್ತಿನ ಚೀಟಿ: 'ರಾತ್ರಿ ಪಾಳಿ ಪರ್ಮನೆಂಟ್ ಮಾಡ್ಕೋತೀಯಾ ಅಂತ ಮ್ಯಾನೇಜರ್ ಕೇಳ್ತಿದಾರೆ. ಶುಕ್ರವಾರ ಹೇಳ್ಬೇಕು. ಏನ್ ಹೇಳ್ಲಿ?'

ಕೆಳಗೆ 'ನಿಮ್ಮಿಷ್ಟ' ಎಂದು ಬರೆದೆ. ಯಾಕೆ ಹಾಗೆ ಬರೆದೆನೋ. ಅವರಿಗೇ ಅದು ಬೇಕಾಗಿದೆಯೇನೋ... ಜಗಳವೇನೂ ಇಲ್ಲ. ಮಾತೂ ಇಲ್ಲ.

ನವೆಂಬರ್ 12, ಬುಧವಾರ, ಸಂಜೆ 7

ನಿನ್ನೆ ಕ್ಲಾಸಿನಲ್ಲಿ ಬೈಯಲು ಹೋದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಎಲ್ಲರೂ ಅವಳನ್ನು ಲಾಯರ್ ಎನ್ನುವುದು ಸುಮ್ಮನಲ್ಲ.

"ಹಾಳೆ ಒಳಗೆ ಸೇರಿಲ್ಲ ಮಿಸ್. ಆಚೆ ಏನಾಗತ್ತೋ ನಮ್ ಕೈಲಿಲ್ಲ."

ನಾನು ಸೆಟ್‌ಸ್ಕ್ವೇರ್ ತೆಗೆದೆ. ಒಂದು ರೇಖೆಯ ಮೇಲೆ ಅದನ್ನು ಕೂರಿಸಿ, ಇನ್ನೊಂದರವರೆಗೆ ನೇರ ಲಂಬ ಎಳೆದು ಅಳೆಯಿರಿ. ಓರೆಯಾಗಿ ಅಳೆದರೆ ಲೆಕ್ಕ ಕೆಡುತ್ತದೆ. ಎರಡು ಜಾಗದಲ್ಲಿ ಅಂತರ ಒಂದೇ ಬಂದರೆ ಸಮಾಂತರ. ಹಾಳೆಯ ಆಚೆ ಹೋಗಿ ನೋಡಬೇಕಾಗಿಲ್ಲ. ಮನೆಯಲ್ಲಿ ಎರಡು ಗೆರೆ ಹುಡುಕಿ ಅಳೆದು ಬನ್ನಿ ಎಂದೆ.

"ನೀವೂ ಅಳೀಬೇಕು ಮಿಸ್," ಎಂದಳು ಲಾಯರ್. ಇಡೀ ಕ್ಲಾಸು ಚಪ್ಪಾಳೆ.

ಇವತ್ತು ಮನೆಯಲ್ಲಿ ಹುಡುಕಿದರೆ ಕಣ್ಣಿಗೆ ಬಿದ್ದದ್ದು ನಮ್ಮ ಮಂಚಗಳು. ಹಗಲು ಮುಖಕ್ಕೆ ಬಿಸಿಲು ಬೀಳುತ್ತದೆಂದು ಇವರು ತಮ್ಮದನ್ನು ಗೋಡೆ ಕಡೆಗೆ ಎಳೆದುಕೊಂಡಿದ್ದಾರೆ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಲಂಬ ಎಳೆದು ಅಳೆದು, ಪಕ್ಕದಲ್ಲೇ ಅಂಕಿ ಬರೆದೆ. ತಲೆ ಕಡೆ ಅರವತ್ತೆರಡು ಸೆಂಟಿಮೀಟರ್, ಕಾಲ ಕಡೆ ನಲವತ್ತೆಂಟು.

ಸಮಾಂತರ ಅಲ್ಲ! ಒಬ್ಬಳೇ ನಕ್ಕೆ. ಖುಷಿಯಾಯಿತು, ಹೇಳಿಕೊಳ್ಳಲು ನಾಚಿಕೆ. ಆಮೇಲೆ ಎಲ್ಲಿ ಸೇರುತ್ತವೆಂದು ಲೆಕ್ಕ ಹಾಕಿದೆ. ಗೋಡೆ ದಾಟಿ, ಪಕ್ಕದ ಮನೆಯವರ ಅಡುಗೆಮನೆಯಲ್ಲಿ.

ಇದಕ್ಕೆ ಖುಷಿಪಡಬೇಕೋ ಬೇಡವೋ. ಇವರು ಅವಸರದಲ್ಲಿ ಎಳೆದಿರಬಹುದು, ಅಷ್ಟೇ. ಗುರುತು ಒರೆಸಲು ಮನಸ್ಸು ಬರಲಿಲ್ಲ.

ನವೆಂಬರ್ 13, ಗುರುವಾರ, ಸಂಜೆ 5.30

ಕ್ಲಾಸಿನಲ್ಲಿ ನನ್ನ ಅಳತೆ ಬೋರ್ಡಿನ ಮೇಲೆ ಬರೆದೆ. 'ಎರಡು ಪೀಠೋಪಕರಣ' ಎಂದಷ್ಟೇ ಹೇಳಿದೆ. ಲಾಯರ್ ಹುಬ್ಬು ಗಂಟಿಕ್ಕಿದಳು. "ಸೊಟ್ಟ ಇಟ್ಟಿದೀರಾ ಮಿಸ್. ನೆಟ್ಟಗೆ ಮಾಡ್ಬಿಡಿ."

ನೆಟ್ಟಗೆ ಮಾಡಿದರೆ ಎಂದೂ ಸೇರುವುದಿಲ್ಲವಲ್ಲ ಮಗಳೇ ಎನ್ನಬೇಕೆನಿಸಿತು. ಮುಂದಿನ ಲೆಕ್ಕಕ್ಕೆ ಹೋದೆ.

ಮನೆಗೆ ಬಂದರೆ ಫ್ರಿಜ್ಜಿನ ಮೇಲೆ ಚೀಟಿ: 'ಮಂಚ ಸೊಟ್ಟ ಇದೆ ಅಂತ ನಿಂಗೆ ಬೇಜಾರಾ? ಬಾಯಿಬಿಟ್ಟು ಹೇಳೋದಲ್ವಾ. ನಿನ್ ಗುರುತು ನೋಡಿ ನೆಟ್ಟಗೆ ಮಾಡಿದೀನಿ. ಎರಡೂ ಕಡೆ ಐವತ್ತೈದು. ಸರೀನಾ ಮೇಡಮ್? ನಾಳೆ ಏನ್ ಹೇಳ್ಲಿ? ನಿಮ್ಮಿಷ್ಟ ಅನ್ಬೇಡ.'

ಟೇಪ್ ಹಿಡಿದೆ. ನಿಜ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನನ್ನ ಕ್ಲಾಸಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಮಾಡಿಲ್ಲ. ನಿದ್ದೆಗೆಟ್ಟು ಬಂದವರು ಮೊಣಕಾಲೂರಿ ಅಳೆದಿದ್ದಾರೆ — ನನಗೋಸ್ಕರ. ನಗು ಬಂತು, ಹಿಂದೆಯೇ ಅಳು. ಯಾವುದು ಯಾಕೆಂದು ತಿಳಿಯಲಿಲ್ಲ.

ಚೀಟಿಗೆ ಏನೂ ಬರೆದಿಲ್ಲ. ಇದು ಚೀಟಿಯಲ್ಲಿ ಬರೆಯುವ ಮಾತಲ್ಲ.

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ 7.20

ಬಸ್ ಹೋಯಿತು. ಹೋಗಲಿ ಎಂದು ಬಿಟ್ಟೆ. ಮೊದಲ ಪೀರಿಯಡ್ ಡ್ರಾಯಿಂಗ್ ಟೀಚರ್ ನೋಡಿಕೊಳ್ಳುತ್ತಾರೆ.

ನನ್ನ ಮಂಚ ಎಳೆದು ಅವರದಕ್ಕೆ ಒತ್ತಿಟ್ಟಿದ್ದೇನೆ. ಸೊಂಟ ಹಿಡಿದುಕೊಂಡಿದೆ. ನೆಲದ ಚಾಕ್‌ಪೀಸ್ ಗೆರೆಗಳೆಲ್ಲ ಅಡಿಯಲ್ಲಿ ಮುಚ್ಚಿಹೋದವು. ಬಿಸಿಲಿಗೆ ಪರದೆ ಹಾಕಿದರಾಯಿತು, ಇಷ್ಟು ದಿನ ಹೊಳೆಯಲಿಲ್ಲ ನೋಡು.

ಅವರಿಗೇ ರಾತ್ರಿ ಪಾಳಿ ಇಷ್ಟವಿದ್ದರೆ? ಇದ್ದರೂ ಇರಲಿ. ನನಗೆ ಬೇಡ. ಅಷ್ಟು ಹೇಳಬೇಕು. ಹೇಗೆ ಶುರು ಮಾಡುವುದೋ... ಎರಡು ಟೀ ಮಾಡಿಟ್ಟಿದ್ದೇನೆ.

ಗೇಟಿನ ಸದ್ದು. ಚಪ್ಪಲಿ ಬಿಡುತ್ತಿದ್ದಾರೆ. "ಇದೇನೇ, ನೀನಿನ್ನೂ ಇಲ್ಲೇ ಇದೀಯಾ?"

"ರೀ, ನಂಗೆ ಈ ರಾತ್ರಿ ಪಾಳಿ..."