ಸ್ಯಾಂಕಿಯ ಅಮ್ಮ

ಬೊಕಾ ಚಿಕಾ
ನವೆಂಬರ್ 14, 2009

ಪ್ರೀತಿಯ ಸೊಲಾಂಜ್,

ಅಮ್ಮ ತೀರಿಕೊಂಡಳು. ಈ ಸಲ ನಿಜವಾಗಿ.

ಇಷ್ಟು ಓದಿ ನೀನು ಕಾಗದ ಹರಿಯಲು ಹೊರಟಿರುತ್ತೀಯ. ಸ್ವಲ್ಪ ತಡಿ. ದುಡ್ಡು ಕೇಳಲು ಬರೆಯುತ್ತಿಲ್ಲ, ಕಳಿಸಿದರೂ ಮುಟ್ಟುವುದಿಲ್ಲ. ನನ್ನ ಈ ಒಂದು ಮಾತನ್ನು ನೀನು ನಂಬಬೇಕು, ಅಷ್ಟೇ.

ಒಂಬತ್ತು ದಿನದ ಪ್ರಾರ್ಥನೆ ಇವತ್ತು ಮುಗಿಯಿತು. ಬಂದವರಿಗೆ ಶುಂಠಿ ಕಷಾಯ, ಬಿಸ್ಕತ್ತು ಕೊಟ್ಟೆ. ಸಮುದ್ರದಂಡೆಯಲ್ಲಿ ನನ್ನ ಜೊತೆ ಪ್ರವಾಸಿಗರಿಗೆ ಕುರ್ಚಿ ಹಾಕುತ್ತಿದ್ದನಲ್ಲ, ಚೆಪೆ, ಅವನು ಎಲ್ಲರೆದುರೇ "ಏನೋ ರಾದಾಮೇಸ್, ನಿಮ್ಮಮ್ಮ ಇದು ಎಷ್ಟನೇ ಸಲ ಸಾಯ್ತಿರೋದು?" ಎಂದು ಕೇಳಿದ. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ನೀರಿನ ಪೀಪಾಯಿ ಹಿಡಿದುಕೊಂಡು ಅತ್ತೆ. ಹಿಂದೆಯೇ ಬಂದ ಚೆಪೆ, "ಮಾಡಿದ್ದುಣ್ಣೋ ಮಹಾರಾಯ" ಎಂದು ಹೆಗಲ ಮೇಲೆ ಕೈಯಿಟ್ಟ.

ಐದು ವರ್ಷದ ಹಿಂದೆ, ನಿನ್ನ ಕೊನೆಯ ಚಳಿಗಾಲದಲ್ಲಿ, ಸ್ಯಾಂಕಿ ಎಂದರೇನು ಎಂದು ಹೋಟೆಲಿನ ಕೌಂಟರಿನ ಹುಡುಗಿಯನ್ನು ಕೇಳಿದೆಯಂತೆ. ಅವಳೇ ನನಗೆ ಹೇಳಿದಳು. "ಸುಳ್ಳು ಹೇಳೋಕಾಗುತ್ತೇನಣ್ಣ? ‘ಸ್ಯಾಂಕಿಗಳು ಪ್ರವಾಸಕ್ಕೆ ಬರೋ ಹೆಂಗಸರನ್ನ ಪ್ರೀತಿಸ್ತಾರೆ ಮೇಡಂ, ಅವರ ಪರ್ಸನ್ನ ಇನ್ನೂ ಜಾಸ್ತಿ ಪ್ರೀತಿಸ್ತಾರೆ’ ಅಂದೆ." ಮರುದಿನ ನೀನು ನನಗೊಂದು ಮಾತೂ ಹೇಳದೆ ವಿಮಾನ ಹತ್ತಿದೆ.

ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಇದೇ ಕೆಲಸ ಮಾಡುವ ಹೆಣ್ಣನ್ನು ನಮ್ಮ ಜನ ಚಪಿಯಾದೋರಾ ಎಂದು ಕರೆದು ಉಗಿಯುತ್ತಾರೆ. ಗಂಡಸಾದರೆ ಸ್ಯಾಂಕಿ ಎಂದು ಬೆನ್ನು ತಟ್ಟಿ ಬಿಯರ್ ಕೊಡಿಸುತ್ತಾರೆ. ಇಪ್ಪತ್ತೈದರಲ್ಲಿ ನನಗದು ಬಿರುದು ಅನ್ನಿಸುತ್ತಿತ್ತು. ಈಗ ನಲವತ್ತೊಂದು. ಹೊಟ್ಟೆ ಬಂದಿದೆ, ಯಾವ ಹೆಂಗಸೂ ತಿರುಗಿ ನೋಡುವುದಿಲ್ಲ, ಹೆಸರು ಮಾತ್ರ ಬಿಟ್ಟಿಲ್ಲ.

ದಂಡೆಯ ಹುಡುಗರಿಗೆಲ್ಲ ಕಾಯಿಲೆಯ ತಾಯಿಯೊಬ್ಬಳು ಇರಲೇಬೇಕು. ಅದು ನಮ್ಮ ಕಸುಬಿನ ಮೊದಲ ಪಾಠ. ಅವಳು ದೂರದಲ್ಲಿರಬೇಕು, ರಸ್ತೆ ಕೆಟ್ಟಿರಬೇಕು, ಔಷಧಿ ದುಬಾರಿಯಾಗಿರಬೇಕು. ನಾನು ಅಮ್ಮನಿಗೆ ಕಿಡ್ನಿ ರೋಗ ಕೊಟ್ಟು ಬೆಟ್ಟದಾಚೆಯ ಹಳ್ಳಿಯಲ್ಲಿ ಮಲಗಿಸಿದೆ. ಎರಡು ಸಲ ಸಾವಿನ ದವಡೆಯಿಂದ ಎಳೆದೂ ತಂದೆ. ಅವಳೋ ಹಿಟ್ಟಿನ ಮೂಟೆ ಒಬ್ಬಳೇ ಎತ್ತುತ್ತಿದ್ದ ಗಟ್ಟಿಗಿತ್ತಿ. ನಿನ್ನ ದುಡ್ಡಿನಲ್ಲಿ ನಾನು ಮೋಟಾರ್ ಸೈಕಲ್ ಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅಮ್ಮ ಬಾಯಿಬಿಡಲಿಲ್ಲ. ಒಮ್ಮೆ ಮಾತ್ರ, "ಎಷ್ಟು ಸಲ ಮಲಗಿಸ್ತೀಯೋ ನನ್ನ? ನಿಜವಾಗಿ ಮಲಗಿದ ದಿನ ಯಾರನ್ನ ಕರೀತೀಯ?" ಎಂದಳು.

ನಿನ್ನನ್ನು ಕರೆಯುತ್ತಿದ್ದೇನೆ.

ಮೊದಲ ಚಳಿಗಾಲ ನಾನು ನೋಡಿದ್ದು ನಿನ್ನ ಪರ್ಸನ್ನೇ, ಒಪ್ಪಿಕೊಳ್ಳುತ್ತೇನೆ. ಮೂರನೆಯದರ ಹೊತ್ತಿಗೆ ಕೆಬೆಕ್‌ನಿಂದ ನಿನ್ನ ವಿಮಾನ ಬರುವ ದಿನ ಎಣಿಸುತ್ತಿದ್ದೆ. ಸಂಜೆ ಹಳದಿ ಕೊಡೆಯ ಅಂಗಡಿಯ ಮುಂದೆ ಕೂತು ಕರಿದ ಮೀನು, ಯಾನಿಕೇಕೆ ತಿನ್ನುತ್ತಿದ್ದೆವಲ್ಲ. ಆ ರೊಟ್ಟಿಯ ಎಣ್ಣೆಯನ್ನು ನೀನು ನನ್ನ ಅಂಗಿಗೇ ಒರೆಸುತ್ತಿದ್ದೆ. ಅಂಗಡಿಯ ಮುದುಕಿ ದುಡ್ಡು ಬೇಡವೆಂದಾಗ, ಪಾಪ, ಈಕೆಗೆ ವ್ಯಾಪಾರವೇ ಗೊತ್ತಿಲ್ಲ ಎಂದು ನೀನು ನಗುತ್ತಿದ್ದೆ. ಆ ಸಂಜೆಗಳಲ್ಲಿ ನಾನು ನಟಿಸಲಿಲ್ಲ. ನನ್ನಂಥವನ ಬಾಯಲ್ಲಿ ಇದು ಹೇಗೆ ಕೇಳಿಸುತ್ತದೆಂದೂ ಗೊತ್ತು.

ಮನೆಯಲ್ಲಿ ಈಗ ನಾನೊಬ್ಬನೇ. ಬೆಳಿಗ್ಗೆ ಅಭ್ಯಾಸಬಲದಿಂದ ಇಬ್ಬರಿಗೆ ಕಾಫಿ ಸೋಸುತ್ತೇನೆ. ಅವಳ ಪಾಲು ಆರಿದ ಮೇಲೆ ಚೆಲ್ಲುತ್ತೇನೆ. ತುಂಬಾ ಒಂಟಿ ಅನ್ನಿಸುತ್ತಿದೆ, ಸೊಲಾಂಜ್. ನಂಬಿದೆ ಎಂದು ಒಂದು ಸಾಲು ಬರೆ. ಬೈದಾದರೂ ಬರೆ.

‘ನಿನ್ನ’ ಎಂದು ಸೇರಿಸಲು ಧೈರ್ಯ ಸಾಲದ,
ರಾದಾಮೇಸ್

ತಾ.ಕ.: ಅಮ್ಮನನ್ನು ನೋಡಬೇಕೆಂದು ನೀನು ಆರು ಚಳಿಗಾಲವೂ ಕೇಳಿದೆ. ದಿನಾ ನೀನು ಅವಳನ್ನು ನೋಡುತ್ತಲೇ ಇದ್ದೆ. ಹಳದಿ ಕೊಡೆಯ ಕಾಸಿಲ್ದಾ ನನ್ನಮ್ಮ. ನಿನ್ನೆದುರು ನನ್ನನ್ನು ಬರೀ ಗಿರಾಕಿಯಂತೆ ಮಾತಾಡಿಸಬೇಕೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ. ನಿನ್ನ ಹತ್ತಿರ ಯಾಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ನಿನಗೆ ಅನುಮಾನ ಬರುತ್ತದೆ ಎಂದು ಒಂದು ದಿನ ಅಮ್ಮನ ಮೇಲೆ ರೇಗಿದೆ. "ನನ್ನ ಔಷಧಿಗೆ ಅಂತ ಆಗ್ಲೇ ಅಷ್ಟು ಕೊಟ್ಟಿದ್ದಾಳಲ್ಲೋ ಆ ತಾಯಿ," ಎಂದಳು. "ರೊಟ್ಟಿಗೂ ಹೇಗೆ ತಗೊಳ್ಳಲಿ?"