ಮೊದಲು ಕಾಫಿ

ಅತ್ತೆ,

ರಿಪೋರ್ಟ್ ಬಂತು. ಅಷ್ಟೊಂದು ಇಂಜೆಕ್ಷನ್, ಅಷ್ಟು ಸಲ ಕೈಕೊಟ್ಟ ಟೆಸ್ಟ್‌ಟ್ಯೂಬ್ ಚಿಕಿತ್ಸೆ, ಎಲ್ಲ ಆದ ಮೇಲೆ ನಾನು ಬಸುರಿ. ಡಾಕ್ಟರ್ ಹೇಳಿದ್ದನ್ನು ನಂಬಲಾಗದೆ ಇನ್ನೊಮ್ಮೆ ಹೇಳಿಸಿಕೊಂಡೆ. ಗಾಂಧಿ ಬಜಾರಿನ ಜನಸಂದಣಿಯಲ್ಲಿ ಆಟೋ ನಿಂತಾಗ ತಡೆಯಲಾಗದೆ ಇಳಿದು ನಡೆದೇ ಬಂದೆ. ನಡಿಗೆ ಓಟವಾಗುತ್ತಿತ್ತು, ಇನ್ನು ಓಡಬಾರದಲ್ಲ ಎಂದು ನೆನಪಾಗಿ ನಗು ಬಂತು.

ಹಿಂದೆಲ್ಲ ನಾನು ಸೋತು ಬಂದಾಗ ನೀವು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಯುತ್ತಿದ್ದಿರಿ. ಮುಖ ನೋಡಿದರೆ ಸಾಕು, ಏನಾಯಿತೆಂದು ಕೇಳುತ್ತಿರಲಿಲ್ಲ. "ಮೊದ್ಲು ಕಾಫಿ ಕುಡಿ, ಮಿಕ್ಕಿದ್ದೆಲ್ಲ ಆಮೇಲೆ" ಎನ್ನುತ್ತಿದ್ದಿರಿ. ಇವತ್ತು ಆ ಖಾಲಿ ಕುರ್ಚಿ ನೋಡಿದ್ದೇ ಕಣ್ಣು ತುಂಬಿಬಿಟ್ಟಿತು.

ನಿಮ್ಮ ಮಗ ಬಾಗಿಲಿಗೆ ಬಂದರು. ನನ್ನ ಕಣ್ಣೀರು ನೋಡಿ ಈ ಸಲವೂ ಇಲ್ಲ ಎಂದುಕೊಂಡರು.

"ಮೊದ್ಲು ಕಾಫಿ ಕುಡಿ," ಎಂದರು. "ಮಿಕ್ಕಿದ್ದೆಲ್ಲ ಆಮೇಲೆ."

ನೀವು ಹೋಗಿ ವರ್ಷವಾಯಿತು. ಅಂದಿನಿಂದ ಈ ಮಾತು ಮನೆಯಲ್ಲಿ ಕೇಳಿರಲಿಲ್ಲ. ಅವರು ತಪ್ಪು ತಿಳಿದದ್ದನ್ನು ತಿದ್ದಲು ಮನಸ್ಸಾಗಲಿಲ್ಲ. ಅವರು ಮಾಡಿಕೊಟ್ಟ ನೀರು ನೀರು ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದೆ. ಆಮೇಲೆ ಹೇಳಿದೆ.

ಅವರು "ಅಮ್ಮಾ, ಅಮ್ಮಾ" ಎಂದು ಕೂಗುತ್ತಾ ಜಗಲಿಗೆ ಓಡಿದರು.