ಒಣ ನೆಲದಲ್ಲಿ ಜಾರಿದ ಚಾಂಪಿಯನ್

ಕಾರ್ಡಿಫ್, ಬಂದರಿನ ಕೇರಿ
೧೫ ನವೆಂಬರ್ ೧೯೩೬, ಭಾನುವಾರ

ಗ್ವಿಲಿಮ್ ಅಣ್ಣಾ,

‘ಪ್ರೀತಿಯ’ ಎಂದು ಮೊದಲು ಬರೆಯಲು ಹೋದೆ, ಕೈ ನಿಂತಿತು. ಪ್ರೀತಿ ಎಲ್ಲಿಗೂ ಹೋಗಿಲ್ಲ. ಆದರೆ ಈ ಕಾಗದದ ನೆತ್ತಿಯ ಮೇಲೆ ಅದಕ್ಕೆ ಜಾಗ ಕೊಡಲಾರೆ. ಇದನ್ನು ಓದುವಾಗ ಟೋವಿಯನ್ನು ಕೋಣೆಯಿಂದ ಹೊರಗೆ ಕಳಿಸು. ನಿನ್ನ ಮ್ಯಾನೇಜರ್ ಆದಾಗಿನಿಂದ ಅವನು ನಿನ್ನ ಊಟ ನೋಡಿಕೊಳ್ಳುತ್ತಾನೆ, ನಿದ್ದೆ ನೋಡಿಕೊಳ್ಳುತ್ತಾನೆ, ಪತ್ರಿಕೆಯವರ ಮುಂದೆ ನೀನು ಆಡುವ ಮಾತನ್ನೂ ನೋಡಿಕೊಳ್ಳುತ್ತಾನೆ. ತಂಗಿಯ ಕಾಗದವನ್ನಾದರೂ ನೀನೇ ಓದಿಕೋ.

ಎಂಟು ದಿನದ ಹಿಂದೆ, ಶನಿವಾರ, ಗಣಿಗಾರರ ಸಭಾಭವನದಲ್ಲಿ ನಿನಗೆ ಸನ್ಮಾನ ನಡೆಯುತ್ತಿದ್ದಾಗ ನಾನು ಚಹಾದ ಕಪ್ಪನ್ನು ಕಿಟಕಿಯ ಮೇಲಿಟ್ಟು ಎದ್ದು ಹೊರಟುಹೋದೆ. ಅಮ್ಮ ಆಗಲೇ ಕಾಗದ ಬರೆದಿದ್ದಾಳೆ. “ಊರಿಗೆ ಊರೇ ಎದ್ದು ಚಪ್ಪಾಳೆ ತಟ್ತಾ ಇದ್ರೆ ಒಡಹುಟ್ಟಿದೋಳು ಬೆನ್ನು ತೋರಿಸಿ ಹೋಗ್ತೀಯಲ್ಲೇ ನೆಸ್ಟಾ, ನಾಳೆ ನಾನು ಪ್ರಾರ್ಥನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದು ಕೇಳಿದ್ದಾಳೆ. ಅವಳಿಗೆ ಉತ್ತರ ಕೊಟ್ಟಿಲ್ಲ. ಉತ್ತರ ನಿನಗೆ ಸೇರಬೇಕಾದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ನನ್ನ ಸ್ವಂತದ್ದು ಏನೂ ಇಲ್ಲ. ಅನ್ಯಾಯ ಕಂಡೆ, ಬರೆಯುತ್ತಿದ್ದೇನೆ, ಅಷ್ಟೆ. “ಶುರುವಾಯ್ತು ನೋಡು ಇವಳ ಕರಪತ್ರದ ಪಾಠ” ಎಂದು ನೀನು ನಗುತ್ತೀಯೆಂದು ಗೊತ್ತು. ನಗು. ನೀನು ಹಗ್ಗ ಜಿಗಿಯುತ್ತಿದ್ದಾಗ ನಾನು ಅದೇ ಸಭಾಭವನದ ಓದುಕೋಣೆಯಲ್ಲಿ ಕೂತು ಆ ಕಾರ್ಮಿಕ ಸಂಘದ ಕರಪತ್ರಗಳಿಂದಲೇ ಯೋಚಿಸಲು ಕಲಿತೆ. ಅಮ್ಮ ಅವುಗಳಿಂದ ಒಲೆ ಹಚ್ಚಿದಳು. ಆದರೆ ಓದಿ ಮುಗಿಸಿದ ಮೇಲೆ ಹಚ್ಚಿದಳು, ಅದು ನನ್ನ ಪುಣ್ಯ.

ಆ ಸಂಜೆ ಐಸಾಕ್ ಪ್ರೊಥರೋ ಬಂದದ್ದು ನಿನಗೆ ನೆನಪಿದೆ. ಹತ್ತು ವರ್ಷದ ಹಿಂದೆ, ಇಪ್ಪತ್ತಾರರಲ್ಲಿ, ಮಾಲೀಕರು ಗಣಿಗೆ ಬೀಗ ಹಾಕಿ ಕೂಲಿಕಡಿತಕ್ಕೆ ಒಪ್ಪದ ನಮ್ಮವರನ್ನೆಲ್ಲ ಹೊರಗೆ ನಿಲ್ಲಿಸಿದಾಗ ಪೊಲೀಸರ ಕಾವಲಿನಲ್ಲಿ ಒಳಗೆ ಹೋಗಿ ಕೆಲಸ ಮಾಡಿದವನು, ಊರ ಬಾಯಲ್ಲಿ ‘ದ್ರೋಹಿ’. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರೂ ಅವನಿಗೆ ‘ಹೂಂ’ ಅಂದಿಲ್ಲ. ಪ್ರಾರ್ಥನಾ ಮಂದಿರದಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಅವನ ಹೆಂಡತಿ ಸತ್ತಾಗ ಹೆಣ ಹೊರಲು ಪಕ್ಕದ ಕಣಿವೆಯಿಂದ ಜನ ಬರಬೇಕಾಯಿತು. ಹಾಗೆ ಬಾಳಿದ ಮುದುಕ ಶನಿವಾರ ತನ್ನ ಒಳ್ಳೆಯ ಕೋಟು ಹಾಕಿಕೊಂಡು, ಟೋಪಿಯನ್ನು ಎದೆಗೆ ಒತ್ತಿಕೊಂಡು, ಸಾಲಿನಲ್ಲಿ ನಿಂತು ನಿನ್ನ ಮುಂದೆ ಬಂದು ಕೈ ಚಾಚಿದ. “ನಿಮ್ಮಪ್ಪ ಇದ್ದಿದ್ರೆ ಹಿಗ್ಗಿಹೋಗ್ತಿದ್ದ ಮಗಾ” ಎಂದ. ನೀನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡೆ. “ನಮ್ಮಪ್ಪನ ಹೆಸರು ನಿನ್ನ ಬಾಯಲ್ಲಿ ಬೇಡ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಏನು ಚಪ್ಪಾಳೆ! ನಾನೂ ತಟ್ಟಿದೆ, ಅಣ್ಣಾ. ಅಂಗೈ ಉರಿಯುವಷ್ಟು ತಟ್ಟಿದೆ.

ಅಂಗೈ ಆರುವ ಮೊದಲೇ ಆ ಪತ್ರಿಕೆಯವನು ನಿನ್ನ ಹತ್ತಿರ ಬಂದ. ಮುಂದಿನ ತಿಂಗಳು ಲಂಡನ್ನಿನಲ್ಲಿ ಮೂರನೆಯ ಸಲವೂ ಗೆದ್ದರೆ ಬ್ರಿಟಿಷ್ ಬಾಕ್ಸಿಂಗ್ ಪಟ್ಟದ ಬೆಲ್ಟು ಶಾಶ್ವತವಾಗಿ ನಿನ್ನದಾಗುತ್ತದಲ್ಲ, ನೀನು ಸೋಲಿಸದೆ ಉಳಿದವರು ಈ ದೇಶದಲ್ಲಿ ಇನ್ನು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ನೀನು ಎದೆ ಸೆಟೆಸಿ, “ಯಾರಿದ್ದಾರೆ? ಇದ್ರೆ ಬರ್ಲಿ, ಬಾಗಿಲು ತೆಗ್ದೇ ಇದೆ” ಎಂದೆ. ಜನ ನಕ್ಕರು.

ನಿನ್ನ ಬೆನ್ನ ಹಿಂದೆ ನಿನ್ನ ಕೋಟು ಹಿಡಿದುಕೊಂಡು ಎಮ್ಲಿನ್ ಕ್ವೇ ನಿಂತಿದ್ದ. ಅವನೂ ನಕ್ಕ. ನಾನು ಕಪ್ಪು ಕೆಳಗಿಟ್ಟು ಹೊರಟದ್ದು ಆಗಲೇ.

ಬಾಗಿಲು ತೆರೆದಿದೆಯೇ? ಯಾರಿಗೆ?

ನೀನು ಪತ್ರಿಕೆಗಳಿಗೆ ಹೇಳುವ ನಿನ್ನ ಕಥೆ ಗಣಿಯಿಂದ ಶುರುವಾಗಿ ಎರಡು ಹೆಜ್ಜೆಗೆ ಲಂಡನ್ನಿನ ರಿಂಗಿಗೆ ಹಾರುತ್ತದೆ. ನಡುವೆ ಒಂದು ಗುಡಾರ ಇತ್ತು, ಮರೆತೆಯಾ? ಊರೂರು ತಿರುಗುವ ಮೋಜಿನ ಮೇಳದ ಬಾಕ್ಸಿಂಗ್ ಗುಡಾರ. ಬಾಗಿಲಲ್ಲಿ ಚೀಟಿ ಹರಿಯುತ್ತಿದ್ದವಳು ನಾನು. ಹೊರಗಿನ ಅಟ್ಟದ ಮೇಲೆ ಎಮ್ಲಿನ್ ಚಿರತೆಚರ್ಮ ಹೊದ್ದು ‘ಆಫ್ರಿಕಾದ ರಾಜಕುಮಾರ’ನಾಗಿ ನಿಲ್ಲುತ್ತಿದ್ದ. ಇದೇ ಕಾರ್ಡಿಫಿನಲ್ಲಿ ಹುಟ್ಟಿದವನು, ಆಫ್ರಿಕಾದಿಂದ ಬಂದು ಹಡಗಿನ ಒಲೆಗೆ ಕಲ್ಲಿದ್ದಲು ತುಂಬುವವನ ಮಗ. ತಾಯಿ ನಮ್ಮ ವೇಲ್ಸಿನ ಕಾರ್ಮಾರ್ಥೆನ್ ಕಡೆಯ ಬಿಳಿಯ ರೈತರ ಹುಡುಗಿ. ನಮ್ಮ ವೆಲ್ಷ್ ಕೀರ್ತನೆಗಳನ್ನು ನಿನಗಿಂತ ಶುದ್ಧವಾಗಿ ಹಾಡುವವನು ಅಟ್ಟದ ಮೇಲೆ ಮಾತು ಬಾರದವನಂತೆ ಹಲ್ಲು ಕಡಿಯಬೇಕಿತ್ತು. ಕೆಳಗೆ ಗುಂಪಿನಲ್ಲಿ ನೀನು. ಈಗತಾನೆ ಗಣಿಯಿಂದ ಮೇಲೆ ಬಂದವನಂತೆ ಕಾಣಲು ಮುಖಕ್ಕೆ ಕಲ್ಲಿದ್ದಲ ಪುಡಿ ಬಳಿದುಕೊಂಡು, “ನಾನ್ ಬರ್ತೀನಿ ಇವನ ಮೇಲೆ!” ಎಂದು ಕೂಗಬೇಕು. ಜನ ಒಳಗೆ ನುಗ್ಗಬೇಕು. ಮೂರನೆಯ ಸುತ್ತಿನಲ್ಲಿ ಎಮ್ಲಿನ್ ಬೀಳಬೇಕು, ಏಕೆಂದರೆ ಊರ ಹುಡುಗ ಗೆದ್ದರೆ ಜನ ಮತ್ತೆ ಬರುತ್ತಾರೆ. ಎಷ್ಟು ಚಂದ ಬೀಳುತ್ತಿದ್ದ! ಒಂದು ಸಲವೂ ನಿನ್ನನ್ನು ನಗೆಪಾಟಲು ಮಾಡಲಿಲ್ಲ.

ಆಟ ಮುಗಿದ ಮೇಲೆ ಖಾಲಿ ಗುಡಾರದಲ್ಲಿ ನಿನಗೆ ಪಾಠ ನಡೆಯುತ್ತಿತ್ತು. “ಭುಜ ಕೆಳಗೆ ಬಿಡ್ಬೇಡ್ವೋ ದಡ್ಡಾ, ಗೂಟದ ಎತ್ತಿನ ಥರ ಸುತ್ತುತೀಯಲ್ಲೋ” ಎಂದು ಅವನು ಬೈಯುತ್ತಿದ್ದ. ಪಕ್ಕೆಲುಬಿನ ಕೆಳಗೆ ಎಡಗೈಯನ್ನು ಕೊಕ್ಕೆಯ ಹಾಗೆ ತೂರಿಸುವ ಆ ಏಟು, ಪತ್ರಿಕೆಗಳು ನಮ್ಮ ಮನೆತನದ ಹೆಸರಿಟ್ಟು ‘ಪ್ರಾಸರನ ಏಟು’ ಎಂದು ಬರೆಯುತ್ತವಲ್ಲ, ಅದು ಪ್ರಾಸರನದಲ್ಲ. ಕ್ವೇ ಕೊಟ್ಟದ್ದು. ನೀನು ವೇಲ್ಸ್ ಗೆದ್ದದ್ದು ಆ ಏಟಿನಿಂದ. ಬ್ರಿಟನ್ ಗೆದ್ದದ್ದು ಆ ಏಟಿನಿಂದ. ಲಿವರ್‌ಪೂಲಿನಲ್ಲಿ ಬೆಲ್ಟು ಉಳಿಸಿಕೊಂಡದ್ದೂ ಅದರಿಂದಲೇ. ಕೊಟ್ಟವನು ಮಾತ್ರ ಬಕೀಟು, ಕೋಟು ಹಿಡಿದು ಮೂಲೆಯಲ್ಲಿ ನಿಂತ. ಬ್ರಿಟಿಷ್ ಪಟ್ಟಕ್ಕೆ ಕಾದುವವನ ತಂದೆತಾಯಿ ಇಬ್ಬರೂ ಬಿಳಿಯರಾಗಿರಬೇಕು ಎಂದು ಲಂಡನ್ನಿನ ಬಾಕ್ಸಿಂಗ್ ಮಂಡಳಿ ಬರೆದಿಟ್ಟಿದೆ. ಒಬ್ಬರು ಸಾಲದು. ಇಬ್ಬರೂ. ಕುದುರೆ ಕೊಳ್ಳುವವರು ತಳಿ ನೋಡುತ್ತಾರಲ್ಲ, ಹಾಗೆ.

“ಆ ರೂಲು ನಾನ್ ಮಾಡಿದ್ನೇನೇ?” ಎಂದು ಬೇಸಿಗೆಯಲ್ಲಿ ನನ್ನ ಮೇಲೆ ರೇಗಿದ್ದೆ. “ನಾನು ಬೇಡ ಅಂದ್ರೆ ಇನ್ನೊಬ್ಬ ಕಟ್ಕೋತಾನೆ ಬೆಲ್ಟು. ಎಮ್ಲಿನ್‌ಗೇನು ಸಿಗುತ್ತೆ, ಮಣ್ಣು?” ಎಂದೆ. ಅದಕ್ಕೆ ಉತ್ತರ ನನಗೆ ಶನಿವಾರ ಹೊಳೆಯಿತು. ಇಪ್ಪತ್ತಾರರಲ್ಲಿ ಪ್ರೊಥರೋ ನಮ್ಮ ಅಪ್ಪನಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದೂ ಅಕ್ಷರಶಃ ಇದನ್ನೇ. “ಬೀಗ ನಾನ್ ಹಾಕಿದ್ನಾ? ನಾನ್ ಹೋಗ್ದಿದ್ರೆ ಇನ್ನೊಬ್ಬ ಹೋಗ್ತಾನೆ.” ಅಪ್ಪ ಆ ಬಾಗಿಲನ್ನು ಅವನ ಮುಖಕ್ಕೆ ಹಾಕಿದ. ನೀನು ಮೇಜಿನ ಹತ್ತಿರವೇ ಇದ್ದೆ, ನಿನ್ನ ತಟ್ಟೆಯಲ್ಲಿ ಒಣ ಬ್ರೆಡ್ಡಿತ್ತು.

ಒಬ್ಬನನ್ನು ಗೇಟಿನ ಹೊರಗಿಟ್ಟು ಬೀಗ ಹಾಕಿದಾಗ ಅವನ ಜಾಗದಲ್ಲಿ ಒಳಗೆ ನಿಲ್ಲುವವನಿಗೆ ನಮ್ಮ ಕಣಿವೆಯಲ್ಲಿ ಇರುವುದು ಒಂದೇ ಹೆಸರು. ಅದನ್ನು ನಿನಗೆ ಬರೆಯಲು ಕೈ ಬರುತ್ತಿಲ್ಲ. ನಿನಗೇ ಗೊತ್ತಿದೆ. ವ್ಯತ್ಯಾಸ ಒಂದೇ. ಪ್ರೊಥರೋನ ಮಕ್ಕಳು ಹಸಿದಿದ್ದವು. ನಿನಗೆ ಆ ನೆವವೂ ಇಲ್ಲ.

ಇನ್ನು ಆ ದಿನದ ಮಾತು. ನೀನು ಅದನ್ನು ಮರೆತವನಂತೆ ಇದ್ದೀಯ. ನಾನು ಮರೆಯಲು ಬಿಡುವುದಿಲ್ಲ.

ಅಕ್ಟೋಬರಿನಲ್ಲಿ ಅಮ್ಮ ಕಳಿಸಿದ ಕುರಿಮಾಂಸದ ಸಾರನ್ನು ಹಿಡಿದು ಪಬ್ಬಿನ ಹಿಂದಿನ ನಿನ್ನ ಅಭ್ಯಾಸದ ಕೋಣೆಗೆ ಬಂದೆ. ನೀನೂ ಎಮ್ಲಿನ್ನೂ ರಿಂಗಿನೊಳಗೆ. ನೀನು ಹೊಡೆಯಬೇಕು, ಅವನು ತಿನ್ನಬೇಕು. ಅವನಿಗೆ ಕೂಲಿ ಅದಕ್ಕೇ ತಾನೆ. ಏನಾಯಿತೋ, ಸುತ್ತು ಮುಗಿದು ಗಂಟೆ ಹೊಡೆದ ಮೇಲೂ ನೀನು ಅವನ ಬಾಯಿಗೆ ಒಂದು ಬಿಗಿದೆ. ಟೋವಿ ನಕ್ಕ. ಮುಂದಿನ ಸುತ್ತಿನಲ್ಲಿ ಎಮ್ಲಿನ್ ಆ ಎಡಗೈಯನ್ನು ನಿನಗೆ ವಾಪಸು ಕೊಟ್ಟ. ಒಂದೇ ಒಂದು. ನೀನು ಮಂಡಿಯೂರಿದೆ, ಆಮೇಲೆ ಮಗ್ಗುಲಾದೆ, ಬಾಯಿ ತೆರೆದಿತ್ತು, ಉಸಿರು ಬರಲಿಲ್ಲ. ಬ್ರಿಟನ್ನಿನ ಚಾಂಪಿಯನ್.

ಟೋವಿ ಓಡಿ ಹೋಗಿ ಬಾಗಿಲಿಗೆ ಅಗುಳಿ ಹಾಕಿದ. “ಯಾರೂ ಏನೂ ನೋಡಿಲ್ಲ, ತಿಳೀತಾ?” ಎಂದು ನನ್ನ ಕಡೆಗೂ ಬೆರಳು ತೋರಿಸಿದ. ನಿನಗೆ ಉಸಿರು ಮರಳಿದ ಕೂಡಲೆ ಆಡಿದ ಮೊದಲ ಮಾತು “ಜಾರ್ತು. ನೆಲ ಒದ್ದೆ.”

ನೆಲ ಒದ್ದೆಯಾಗಿರಲಿಲ್ಲ. ಬಿಸ್ಕತ್ತಿನ ಹಾಗೆ ಒಣಗಿತ್ತು. ಎಮ್ಲಿನ್ ಒಂದು ಗಳಿಗೆ ನಿನ್ನನ್ನು ನೋಡಿದ. ಗ್ಲೌಸು ಬಿಚ್ಚಿ, ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ತಂದು, ನೀನು ಬಿದ್ದ ಜಾಗವನ್ನು ಚೆನ್ನಾಗಿ ಒರೆಸಿದ. ಒಣ ನೆಲವನ್ನು, ಅಣ್ಣಾ. ಒಡೆದ ತುಟಿಯಿಂದ ಅವನ ರಕ್ತ ತೊಟ್ಟಿಕ್ಕಿತು, ಅದನ್ನೂ ಒರೆಸಿದ. ನೀನು ಅದನ್ನು ನಿಂತು ನೋಡಿದೆ. ಆಮೇಲೆ ಕೂತು ಅಮ್ಮನ ಸಾರು ಕುಡಿದೆ.

ನನಗೆ ಅವನ ಮೇಲೂ ಸಿಟ್ಟು ಬಂತು, ನಿನ್ನಷ್ಟಲ್ಲದಿದ್ದರೂ. “ಯಾಕೆ ಒರೆಸ್ದೆ? ನಿಂಗೆ ಮಾನ ಇಲ್ವಾ?” ಎಂದು ಆಮೇಲೆ ಅವನೊಬ್ಬನೇ ಸಿಕ್ಕಾಗ ಕೇಳಿದೆ. “ಬಿದ್ದೋನಿಗೆ ಏಳೋಕೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ವೇನೇ” ಎಂದ. ನಾನು ಸುಮ್ಮನಾಗದಿದ್ದಾಗ ತಮಾಷೆಗೆ ಇಳಿದ. “ನಾನು ಅವನ ಹೊಟ್ಟೆಗೆ ಹೊಡೀತೀನಿ, ಅವನು ನನ್ನ ಹೊಟ್ಟೆಗೆ ಹಾಕ್ತಾನೆ. ಲೆಕ್ಕ ಸರಿಹೋಯ್ತು ಬಿಡು.” ಅವನ ಈ ಒಳ್ಳೆಯತನವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಮ್ಮಂಥವರು ನೆಮ್ಮದಿಯಾಗಿ ಮಲಗುವುದು ಇಂಥವರ ಒಳ್ಳೆಯತನದ ಹಾಸಿಗೆಯ ಮೇಲೆಯೇ.

ನಾನು ಕೇಳುವುದು ದೊಡ್ಡದೇನಲ್ಲ. ಬೆಲ್ಟನ್ನು ಥೇಮ್ಸ್ ನದಿಗೆ ಎಸೆ ಎಂದು ಕೇಳುತ್ತಿಲ್ಲ. ಪಂದ್ಯದ ದಿನ ಬೆಳಿಗ್ಗೆ ನಿನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಾರಲ್ಲ, ದೇಶದ ಪತ್ರಿಕೆಗಳೆಲ್ಲ ಅಲ್ಲಿರುತ್ತವೆ, ಆಗ ಒಂದು ವಾಕ್ಯ ಹೇಳು. ‘ಎಮ್ಲಿನ್ ಕ್ವೇ ನನ್ನನ್ನು ಕೆಡವಿದ್ದಾನೆ, ಅವನ ಜೊತೆ ಆಡದೆ ಈ ಬೆಲ್ಟು ಮನೆಗೆ ಒಯ್ಯುವುದಿಲ್ಲ.’ ಇಷ್ಟೇ. ಮಂಡಳಿ ನಿನ್ನ ಪಟ್ಟ ಕಿತ್ತುಕೊಳ್ಳಬಹುದು. ಟೋವಿ ಎದೆ ಬಡಿದುಕೊಳ್ಳಬಹುದು. ಆದರೆ ನಮ್ಮ ಕಣಿವೆಯ ಅಷ್ಟೂ ಜನಕ್ಕೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಗೇಟಿನ ಹೊರಗೆ ನಿಲ್ಲುವುದು ಏನೆಂದು ಅವರಿಗೆ ಯಾವ ಕರಪತ್ರವೂ ಹೇಳಿಕೊಡಬೇಕಿಲ್ಲ.

ಹೇಳದಿದ್ದರೆ, ನೀನು ಗೆದ್ದರೂ ಸೋತರೂ, ಕ್ರಿಸ್‌ಮಸ್ಸಿಗೆ ನಾನು ಬಂದಾಗ ಪ್ರಾರ್ಥನಾ ಮಂದಿರದಲ್ಲಿ ನಿನ್ನ ಬೆಂಚಿನಲ್ಲಿ ಕೂರುವುದಿಲ್ಲ. ಪ್ರೊಥರೋನ ಪಕ್ಕ ಖಾಲಿ ಇದೆ, ಅಲ್ಲಿ ಕೂರುತ್ತೇನೆ. ಊರು ನೋಡಲಿ. ಅವನಿಗೆ ಹತ್ತು ವರ್ಷ ಕೊಟ್ಟ ಶಿಕ್ಷೆಯನ್ನು ನಿನಗೆ ಒಂದು ದಿನವೂ ಕೊಡದ ಊರಿಗೆ ಅವನನ್ನು ದೂರವಿಡುವ ಹಕ್ಕಿಲ್ಲ.

ಎಮ್ಲಿನ್‌ಗೆ ಈ ಕಾಗದದ ವಿಷಯ ತಿಳಿಯದು. ತಿಳಿದರೆ ಬರೆಯಲು ಬಿಡುತ್ತಿರಲಿಲ್ಲ.

ಎಡಗೈ ಜೋಪಾನ. ಅದು ನಿನ್ನದಲ್ಲ, ನೆನಪಿರಲಿ.

ಇನ್ನೂ ನಿನ್ನ ತಂಗಿಯಾದ
ನೆಸ್ಟಾ

ಮರೆತ ಮಾತು: ಇದರಲ್ಲಿ ನನ್ನ ಸ್ವಂತದ್ದು ಏನೂ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕಲು ಹೋದೆ, ಹಾಗೇ ಇರಲಿ ಅನ್ನಿಸಿತು. ನಾನೂ ನಿನ್ನ ತಂಗಿಯೇ ತಾನೆ, ಬಿದ್ದಾಗ ಜಾರಿತು ಅನ್ನುವುದು ಮನೆತನದ ರೂಢಿ. ಮಂಗಳವಾರ ಇಲ್ಲಿನ ನೋಂದಣಿ ಕಚೇರಿಯಲ್ಲಿ ಎಮ್ಲಿನ್ನನ್ನು ಮದುವೆಯಾದೆ. ಅಮ್ಮನಿಗೆ ನಾವಿಬ್ಬರೂ ಬಂದು ಹೇಳುತ್ತೇವೆ, ನೀನು ಬಾಯಿ ಬಿಡಬೇಡ. ಸಭಾಭವನದಲ್ಲಿ ನೀನು ಬೆಲ್ಟು ಎತ್ತಿ ಹಿಡಿದು, “ಈ ಮನೇಲಿ ಮೊದಲು ಹುಟ್ಟೋ ಮಗು ಇದನ್ನ ಹಲ್ಲಲ್ಲಿ ಕಚ್ಕೊಂಡು ಬೆಳೀಬೇಕು” ಎಂದೆಯಲ್ಲ, ಆ ಮಗು ಏಪ್ರಿಲಿನಲ್ಲಿ ಬರುತ್ತದೆ. ಗಂಡಾದರೆ ಅವನಪ್ಪನ ಭುಜ ಬರಲಿ ಎಂದು ನನ್ನ ಆಸೆ. ಆದರೆ ಅವನ ತಂದೆತಾಯಿಯರಲ್ಲಿ ಬಿಳಿಯಳು ಒಬ್ಬಳೇ. ಬೆಲ್ಟಿಗೆ ತಾನೇಕೆ ಕಾದುವಂತಿಲ್ಲ ಎಂದು ಅವನು ಒಂದು ದಿನ ಕೇಳಿಯೇ ಕೇಳುತ್ತಾನೆ. ಲಂಡನ್ನಿನ ಮಂಡಳಿಯ ಮಾತು ನಾನು ಎತ್ತುವುದಿಲ್ಲ, ಸೀದಾ ಮಾವನ ಹತ್ತಿರ ಕಳಿಸುತ್ತೇನೆ. ಅವತ್ತು ಅವನಿಗೂ ನೆಲ ಒದ್ದೆಯಾಗಿತ್ತು ಅನ್ನಬೇಡ.